ಓಬವ್ವನ ಕಚ್ಚೆ

ಹೋದ ಬೇಸಿಗೆಯ ರಜೆಗೆ ಬೆಂಗಳೂರಿನಿಂದ ಬಂದಿದ್ದ ನನ್ನ ತಂಗಿಯ ಮಗಳು ಪಡಸಾಲೆಯಲ್ಲಿ ಬೋರಲು ಮಲಗಿ ಇಂಗ್ಲಿಷ್ ಚಿತ್ರಕಥೆಯ ಪುಸ್ತಕವೊಂದನ್ನು ಓದುತ್ತಿದ್ದಳು. ಮಜ್ಜಿಗೆ ಒಯ್ಯಲು ಬಂದಿದ್ದ ಹಿತ್ತಲ ಮನೆಯ ಹೆಣ್ಣುಮಗಳು ಬಗ್ಗಿ ನೋಡಿದಳು. ಹಾಳೆಯ ತುಂಬ ಹಿಮ. ಆ ಹಿಮದ ನಡುವೆ ಮಹಾಶಕ್ತಿಯ ನಾಯಕಿಯೊಬ್ಬಳು ರಾಕ್ಷಸನಂಥವನ ಜೊತೆ ಹೊಡೆದಾಡುತ್ತಿದ್ದಾಳೆ. ಕಾಲಿಗೆ ಎತ್ತರದ ಹಿಮ್ಮಡಿಯ ಬೂಟು, ಮೈಮೇಲೆ ಈಜುವಾಗ ತೊಡುವಂಥ ಒಂದು ತುಂಡು ಬಟ್ಟೆ. ಪಕ್ಕದಲ್ಲಿ ಅವಳ ಜೊತೆಗಾರ ಕುತ್ತಿಗೆಯಿಂದ ಕಾಲ್ಬೆರಳಿನವರೆಗೂ ಮೈ ಮುಚ್ಚಿಕೊಂಡು ನಿಂತಿದ್ದಾನೆ.

"ಅಲ್ರೀ ಟೀಚರ್, ಗಂಡಸಿಗೆ ಇಷ್ಟು ಥಂಡಿ ಆಗೇತಿ, ಈಕಿಗೆ ಥಂಡಿ ಆಗಂಗಿಲ್ಲೇನ್ರೀ?" ಎಂದು ಕೇಳಿದಳು ಆಕೆ.

ಮೂವರೂ ನಕ್ಕೆವು. ಆದರೆ ರಾತ್ರಿ ಮಲಗಿದಾಗ ಆ ಪ್ರಶ್ನೆ ಮತ್ತೆ ಎದ್ದು ಕೂತಿತು. ಆಕೆ ಕೇಳಿದ್ದು ನಾಚಿಕೆಯ ಪ್ರಶ್ನೆಯಲ್ಲ, ಕೆಲಸದ ಪ್ರಶ್ನೆ. ನಮ್ಮ ತಂಬ್ರಹಳ್ಳಿಯಲ್ಲಿ ಮೆಕ್ಕೆಜೋಳ ಮುರಿಯಲು, ಶೇಂಗಾ ಕೀಳಲು ಹೋಗುವ ಹೆಂಗಸರನ್ನು ನೀವು ನೋಡಬೇಕು. ನಿರಿಗೆಯನ್ನು ಮೇಲೆತ್ತಿ ಸೊಂಟಕ್ಕೆ ಸಿಕ್ಕಿಸಿ, ರವಿಕೆಯ ಮೇಲೆ ಗಂಡನ ಹಳೆಯ ತುಂಬುತೋಳಿನ ಅಂಗಿ ತೊಟ್ಟು, ತಲೆಗೆ ಟವೆಲ್ಲು ಸುತ್ತಿಕೊಂಡು ಟಂಟಂ ಗಾಡಿ ಹತ್ತುತ್ತಾರೆ. ಜೋಳದ ಗರಿ ಕೈಗೆ ಕೊಯ್ಯಬಾರದು, ಬಿಸಿಲು ಬೆನ್ನು ಸುಡಬಾರದು, ಬಗ್ಗಿದಾಗ ಸೆರಗು ಜಾರಬಾರದು. ಆ ಉಡುಪನ್ನು ಯಾವ ಚಿತ್ರಕಾರನೂ ಬರೆದುಕೊಟ್ಟಿಲ್ಲ. ಕೆಲಸವೇ ಹೊಲಿದುಕೊಟ್ಟಿದೆ.

ಇನ್ನು ಆ ಕಾಗದದ ವೀರ ವನಿತೆಯರ ಕಥೆ ನೋಡಿ. ಅಮೆರಿಕದಲ್ಲಿ ವಿಲಿಯಂ ಮಾರ್ಸ್ಟನ್ ಎಂಬ ಮನಶ್ಶಾಸ್ತ್ರಜ್ಞ 1941ರಲ್ಲಿ 'ವಂಡರ್ ವುಮನ್' ಎಂಬ ನಾಯಕಿಯನ್ನು ಸೃಷ್ಟಿಸಿದ. ಗಂಡು ವೀರರ ನಡುವೆ ಹೆಣ್ಣೊಬ್ಬಳು ಇರಲಿ ಎಂಬ ಉದ್ದೇಶ ಒಳ್ಳೆಯದೇ. ಆದರೆ ಅವಳ ಭುಜವನ್ನೂ ತೊಡೆಯನ್ನೂ ಬಯಲಿಗಿಟ್ಟೇ ಹುಟ್ಟಿಸಿದರು. 2010ರಲ್ಲಿ ಪ್ರಕಾಶಕರು ಅವಳಿಗೆ ಪ್ಯಾಂಟು, ಕೋಟು ತೊಡಿಸಿದರು. ಗದ್ದಲವೋ ಗದ್ದಲ! ಮರುವರ್ಷವೇ ಪ್ಯಾಂಟು ಕಳಚಿತು. 2016ರ ಅಕ್ಟೋಬರಿನಲ್ಲಿ ವಿಶ್ವಸಂಸ್ಥೆ ಅವಳನ್ನು ಹೆಣ್ಣುಮಕ್ಕಳ ಸಬಲೀಕರಣದ ಗೌರವ ರಾಯಭಾರಿಯಾಗಿ ಮಾಡಿತು. ಅಲ್ಲಿನ ನೌಕರರೇ ಎದ್ದು ನಿಂತು, ಇಂಥ ವೇಷದ ಗೊಂಬೆ ನಮಗೆ ರಾಯಭಾರಿಯೇ ಎಂದು ಸಹಿ ಸಂಗ್ರಹಿಸಿದರು. ಡಿಸೆಂಬರಿನ ಹೊತ್ತಿಗೆ ರಾಯಭಾರಿತನ ಮುಗಿದಿತ್ತು. ಮಾಡಲು ಮನಸ್ಸಿದ್ದರೆ ಆಗುತ್ತದೆ ಎಂಬುದಕ್ಕೂ ಉದಾಹರಣೆ ಉಂಟು. ವಾಯುಪಡೆಯ ಅಧಿಕಾರಿಯಾಗಿದ್ದ ಕ್ಯಾರಲ್ ಡ್ಯಾನ್ವರ್ಸ್ ಎಂಬ ನಾಯಕಿ ಎಷ್ಟೋ ವರ್ಷ ಈಜುಡುಗೆಯಂಥದನ್ನೇ ತೊಟ್ಟು ಹಾರಾಡಿದಳು. 2012ರಲ್ಲಿ ಅವಳು 'ಕ್ಯಾಪ್ಟನ್ ಮಾರ್ವೆಲ್' ಆದಾಗ ವಿಮಾನ ಚಾಲಕರಿಗೆ ಒಪ್ಪುವಂಥ ಮೈತುಂಬ ಉಡುಪು ಬಂತು. ಓದುಗರು ಅವಳನ್ನು ಬಿಟ್ಟು ಓಡಿಹೋಗಲಿಲ್ಲ.

ಇದೆಲ್ಲ ಪರದೇಶದ ಮಾತು ಎನ್ನುವ ಹಾಗಿಲ್ಲ. ನಮ್ಮ ಕಾರ್ಕಳದಲ್ಲಿ ಹುಟ್ಟಿದ ಅನಂತ ಪೈಯವರ 'ಅಮರ ಚಿತ್ರ ಕಥೆ'ಗಳನ್ನು ಓದಿಯೇ ನಾನು ಪುರಾಣ, ಇತಿಹಾಸ ಕಲಿತದ್ದು. ಆ ಋಣವನ್ನು ಮರೆಯಲಾರೆ. ಆದರೂ ಈಗ ಕನ್ನಡಕ ಏರಿಸಿ ನೋಡಿದರೆ, ಋಷ್ಯಾಶ್ರಮದಲ್ಲಿ ನೀರು ಹೊರುವ ಹುಡುಗಿಗೂ ಹಿಡಿಯಷ್ಟೇ ಸೊಂಟ, ಎದೆಗೆ ಒಂದು ಗೇಣು ಪಟ್ಟಿ. ಒಳ್ಳೆಯವಳಾದರೆ ಬೆಳ್ಳಗೆ, ರಾಕ್ಷಸಿಯಾದರೆ ಕಪ್ಪಗೆ. ನಮ್ಮ ಕಡೆಯ ಬಿಸಿಲಲ್ಲಿ ಬೆಳೆದ ಕಪ್ಪು ಹುಡುಗಿಯರು ಆ ಪುಸ್ತಕದಲ್ಲಿ ತಮ್ಮನ್ನು ಎಲ್ಲಿ ಹುಡುಕಿಕೊಳ್ಳಬೇಕು, ನೀವೇ ಹೇಳಿ.

"ಗಂಡು ವೀರರೂ ಮೈಗಂಟಿದ ಬಟ್ಟೆಯನ್ನೇ ತೊಡುತ್ತಾರಲ್ಲ?" ಎಂದು ವಾದಿಸುವವರಿದ್ದಾರೆ. ತೊಡುತ್ತಾರೆ, ನಿಜ. ಆದರೆ ಆ ಗಂಡಸನ್ನು ಓದುವ ಹುಡುಗ ತಾನು ಹಾಗಾಗಬೇಕೆಂದು ಆಸೆಪಡುವ ಹಾಗೆ ಬರೆಯುತ್ತಾರೆ. ಹೆಂಗಸನ್ನು ಅದೇ ಹುಡುಗ ನೋಡಬೇಕೆಂದು ಆಸೆಪಡುವ ಹಾಗೆ ಬರೆಯುತ್ತಾರೆ. "ನಮ್ಮ ದೇವಾಲಯಗಳ ಶಿಲ್ಪಗಳಲ್ಲಿ ಇಲ್ಲವೇ?" ಎಂದೂ ಕೇಳುತ್ತಾರೆ. ಇದ್ದಾವೆ. ಆದರೆ ಹಂಪಿಗೆ ಹೋಗಿ ನೋಡಿ. ಅಲ್ಲಿ ಗಂಡಸಿನ ಮೈಮೇಲೂ ಅಂಗಿ ಇಲ್ಲ. ಒಬ್ಬನಿಗೆ ಕವಚ, ಒಬ್ಬಳಿಗೆ ಕಾಚ ಎಂಬ ಭೇದವನ್ನು ಶಿಲ್ಪಿ ಮಾಡಲಿಲ್ಲ.

ಇಷ್ಟು ಹೇಳಿದೊಡನೆ ಕೆಲವರು "ಸರಿಯಾಗಿ ಹೇಳಿದ್ರಿ ಟೀಚರ್, ಹೆಣ್ಣುಮಕ್ಕಳು ಮೈ ಮುಚ್ಚಿಕೊಂಡಿರಬೇಕು" ಎಂದು ನನ್ನ ಪಕ್ಕ ಬಂದು ಕೂರುತ್ತಾರೆ. ದಯವಿಟ್ಟು ಏಳಿ. ನಾನು ನಿಮ್ಮವಳಲ್ಲ.

ನನ್ನ ತರಗತಿಯಲ್ಲಿ ಎಂಟನೆಯ ಇಯತ್ತೆಯ ಒಬ್ಬ ಹುಡುಗಿಯಿದ್ದಳು. ಕಬಡ್ಡಿಯಲ್ಲಿ ಅವಳು ರೈಡಿಗೆ ಹೊರಟರೆ ಎದುರಿನವರು ಹಿಂದೆ ಸರಿಯುತ್ತಿದ್ದರು. ತಾಲ್ಲೂಕು ಮಟ್ಟಕ್ಕೆ ಆಯ್ಕೆಯಾದಾಗ ಅವಳ ದೊಡ್ಡಪ್ಪ ಶಾಲೆಗೆ ಬಂದ. "ನಮ್ಮ ಮನಿ ಹುಡುಗಿ ಚಡ್ಡಿ ಹಾಕ್ಕೊಂಡು ನಾಲ್ಕು ಮಂದಿ ಮುಂದ ಆಡಾದು ಬ್ಯಾಡ್ರಿ" ಎಂದ. ಅವನನ್ನು ಬೀಳ್ಕೊಡಲು ಗೇಟಿನವರೆಗೆ ಹೋದೆ. ಅವನ ಟ್ರ್ಯಾಕ್ಟರಿನ ಮಡ್‌ಗಾರ್ಡಿನ ಮೇಲೆ ಸಿನಿಮಾ ನಟಿಯೊಬ್ಬಳ ಅರೆಬೆತ್ತಲೆ ಚಿತ್ರ ಅಂಟಿತ್ತು! ಪರರ ಮಗಳ ಮೈ ನೋಡಲು ಅಡ್ಡಿಯಿಲ್ಲ, ಮನೆಮಗಳ ಮೊಣಕಾಲು ಕಂಡರೆ ಮಾನ ಹೋಗುತ್ತದೆ. ಹುಡುಗಿ ಆ ವರ್ಷ ಆಡಲಿಲ್ಲ. ಮರುವರ್ಷ ಶಾಲೆಯನ್ನೇ ಬಿಟ್ಟಳು.

ಬಿಚ್ಚು ಎನ್ನುವವನೂ ಮುಚ್ಚು ಎನ್ನುವವನೂ ಒಂದೇ ತಾಯಿಯ ಮಕ್ಕಳು. ಇಬ್ಬರ ಕಣ್ಣೂ ಅವಳ ಮೈಮೇಲೆ, ಇಬ್ಬರಿಗೂ ಅವಳ ಆಟ ಬೇಡ. ಜಗತ್ತಿನ ಆಟದ ಮೈದಾನಗಳನ್ನೇ ನೋಡಿ. 2011ರಲ್ಲಿ ತಲೆಬಟ್ಟೆ ತೊಟ್ಟಿದ್ದಕ್ಕೆ ಇರಾನಿನ ಮಹಿಳಾ ಫುಟ್ಬಾಲ್ ತಂಡಕ್ಕೆ ಒಲಿಂಪಿಕ್ ಅರ್ಹತಾ ಪಂದ್ಯವನ್ನೇ ಆಡಗೊಡಲಿಲ್ಲ. ಅದೇ ವರ್ಷ ಬ್ಯಾಡ್ಮಿಂಟನ್ ಆಡುವ ಹೆಣ್ಣುಮಕ್ಕಳು ಸ್ಕರ್ಟನ್ನೇ ತೊಡಬೇಕು, ಆಗ ಆಟಕ್ಕೆ ಆಕರ್ಷಣೆ ಬರುತ್ತದೆ ಎಂದು ಆ ಆಟದ ವಿಶ್ವ ಸಂಸ್ಥೆ ನಿಯಮ ಮಾಡಹೊರಟಿತು. ವಿರೋಧ ಬಂದ ಮೇಲೆ 2012ರಲ್ಲಿ ಕೈಬಿಟ್ಟಿತು. 2021ರಲ್ಲಿ ನಾರ್ವೆಯ ಬೀಚ್ ಹ್ಯಾಂಡ್‌ಬಾಲ್ ತಂಡದ ಹುಡುಗಿಯರು ಬಿಕಿನಿಯ ಬದಲು ಚಡ್ಡಿ ತೊಟ್ಟರೆಂದು 1500 ಯೂರೋ ದಂಡ ಹಾಕಿದರು! ನಮ್ಮೂರ ಹುಡುಗಿಗೆ ಚಡ್ಡಿ ಗಿಡ್ಡವಾಯಿತು, ನಾರ್ವೆಯ ಹುಡುಗಿಗೆ ಚಡ್ಡಿ ಉದ್ದವಾಯಿತು. ಆಡುವವರನ್ನು ಮಾತ್ರ ಯಾರೂ ಕೇಳಲಿಲ್ಲ.

ಬೇರೆಯವರನ್ನು ಬೈದದ್ದಾಯಿತು, ಈಗ ನನ್ನ ತಪ್ಪನ್ನೂ ಹೇಳಿಬಿಡುತ್ತೇನೆ. ಇಪ್ಪತ್ತು ವರ್ಷದ ಹಿಂದಿನ ಮಾತು. ರಾಜ್ಯೋತ್ಸವದ ದಿನ ಆರನೆಯ ತರಗತಿಯ ಹುಡುಗಿಗೆ ಒನಕೆ ಓಬವ್ವನ ವೇಷ. ಅವಳ ಅಜ್ಜಿ ಕಚ್ಚೆ ಉಡಿಸಿ ಕಳಿಸುತ್ತೇನೆಂದು ಹೇಳಿಕಳಿಸಿದ್ದಳು. ನಾನೇ ಬೇಡವೆಂದೆ. ವೇದಿಕೆಯ ಮೇಲೆ ಚಂದ ಕಾಣಲಿ ಎಂದು ನನ್ನದೇ ರೇಷ್ಮೆ ಸೀರೆ ತಂದು ನೆಲಕ್ಕೆ ಮುಟ್ಟುವಂತೆ ನಿರಿಗೆ ಹಿಡಿದೆ. ಮಲ್ಲಿಗೆ ಮುಡಿಸಿ, ತುಟಿಗೆ ಬಣ್ಣ ಬಳಿದೆ. ಹುಡುಗಿ ಒನಕೆ ಎತ್ತಿಕೊಂಡು ಮೆಟ್ಟಿಲು ಹತ್ತುವಾಗ ನಿರಿಗೆ ತುಳಿದು ಮುಗ್ಗರಿಸಿದಳು. ಗದ್ದ ಒಡೆದು ರಕ್ತ ಬಂತು. ಜನ ಗೊಳ್ಳೆಂದು ನಕ್ಕರು. "ನಾ ಕಚ್ಚಿ ಉಡತೀನಿ ಅಂದಿದ್ನೆಲ್ರೀ ಟೀಚರ್" ಎಂದು ಬಿಕ್ಕಿದಳು. ಆ ಗಾಯದ ಗುರುತು ಅವಳ ಗದ್ದದಲ್ಲಿ ಉಳಿಯಿತು. ನನ್ನ ಮನಸ್ಸಿನಲ್ಲೂ.

ಓಬವ್ವ ಯಾರು? ಚಿತ್ರದುರ್ಗದ ಕೋಟೆಯ ಕಾವಲುಗಾರನ ಹೆಂಡತಿ. ಗಂಡ ಉಣ್ಣಲು ಕೂತಾಗ ನೀರಿಗೆ ಹೋದವಳು, ಹೈದರಾಲಿಯ ಸೈನಿಕರು ಕಿಂಡಿಯಲ್ಲಿ ನುಸುಳುವುದನ್ನು ಕಂಡು ಮನೆಯ ಒನಕೆಯನ್ನೇ ಹಿಡಿದು ನಿಂತವಳು. ಅಲಂಕಾರ ಮಾಡಿಕೊಂಡು ಯುದ್ಧಕ್ಕೆ ಹೊರಟವಳಲ್ಲ. 1972ರ 'ನಾಗರಹಾವು' ಚಿತ್ರದಲ್ಲಿ ಜಯಂತಿಯವರ ಓಬವ್ವನನ್ನು ನೆನಪಿಸಿಕೊಳ್ಳಿ. ಆ ಕೆಲವು ನಿಮಿಷ ನಾವು ನೋಡಿದ್ದು ಅವರ ಕಣ್ಣನ್ನೂ ಕೈಯಲ್ಲಿನ ಒನಕೆಯನ್ನೂ. ಪುಟ್ಟಣ್ಣನವರಿಗೆ ತಿಳಿದದ್ದು ಬಿ.ಎ., ಬಿ.ಎಡ್. ಮಾಡಿದ ನನಗೆ ತಿಳಿಯಲಿಲ್ಲ.

ಸರ್ಕಾರಕ್ಕೂ ತಿಳಿಯಲು ತಡವಾಯಿತು. ಕರ್ನಾಟಕದ ಮಹಿಳಾ ಪೊಲೀಸರು ಖಾಕಿ ಸೀರೆಯ ಬದಲು ಶರ್ಟು, ಪ್ಯಾಂಟನ್ನೇ ತೊಡಬೇಕೆಂಬ ಆದೇಶ ಬಂದದ್ದು 2018ರಲ್ಲಿ. ಆಗ ಇಲಾಖೆಯ ಮುಖ್ಯಸ್ಥರಾಗಿದ್ದವರು ನೀಲಮಣಿ ರಾಜು, ಆ ಹುದ್ದೆಗೇರಿದ ರಾಜ್ಯದ ಮೊದಲ ಮಹಿಳೆ. ಕಳ್ಳನ ಹಿಂದೆ ಓಡುವವಳಿಗೆ ಏನು ಬೇಕೆಂದು ಹೇಳಲು ಕುರ್ಚಿಯಲ್ಲಿ ಹೆಂಗಸೇ ಕೂರಬೇಕಾಯಿತೇನೋ!

ಹಾಗಾಗಿ ನನ್ನ ಅಳತೆಗೋಲು ಗೇಣಿನದಲ್ಲ, ಇಂಚಿನದೂ ಅಲ್ಲ. ಮೂರೇ ಪ್ರಶ್ನೆ. ಈ ಬಟ್ಟೆಯಲ್ಲಿ ಅವಳು ತನ್ನ ಕೆಲಸ ಮಾಡಬಲ್ಲಳೇ? ಅದೇ ಕೆಲಸದ ಗಂಡಸಿಗೂ ಇಂಥದೇ ಬಟ್ಟೆ ಕೊಟ್ಟಿದ್ದೀರಾ? ಅವಳನ್ನು ಕೇಳಿದ್ದೀರಾ? ಮೂರಕ್ಕೂ ಹೌದೆಂದರೆ ಕಬಡ್ಡಿಯ ಚಡ್ಡಿಯೂ ಸರಿ, ವಿಮಾನ ಹಾರಿಸುವವಳ ಮೈತುಂಬ ಉಡುಪೂ ಸರಿ. ಇಲ್ಲವೆಂದರೆ ಹಿಮದಲ್ಲಿನ ಈಜುಡುಗೆಯೂ ತಪ್ಪು, ನಾನು ಉಡಿಸಿದ ರೇಷ್ಮೆ ಸೀರೆಯೂ ತಪ್ಪು.

ತಾಯಂದಿರೇ, ಮಕ್ಕಳ ಕೈಯಿಂದ ಚಿತ್ರಕಥೆ ಕಿತ್ತುಕೊಳ್ಳಬೇಡಿ. ಪಕ್ಕದಲ್ಲಿ ಕೂತು ಈ ಮೂರು ಪ್ರಶ್ನೆ ಕೇಳಿ. ಗಂಡುಮಕ್ಕಳಿಗೆ ಮೊದಲು ಕೇಳಿ.

ಕಳೆದ ರಾಜ್ಯೋತ್ಸವಕ್ಕೆ ಮತ್ತೊಬ್ಬ ಹುಡುಗಿ ಓಬವ್ವ ಆಗುತ್ತೇನೆಂದು ಬಂದಳು. ಏನು ಉಡುತ್ತೀ ಎಂದು ಅವಳನ್ನೇ ಕೇಳಿದೆ. ಕಚ್ಚೆ ಎಂದಳು. ನನಗೆ ಇಂದಿಗೂ ಕಚ್ಚೆ ಉಡಿಸಲು ಬಾರದು. ಹಿತ್ತಲ ಮನೆಯವಳನ್ನು ಕರೆದೆ. ಅವಳು ಹೊಲದಿಂದ ಹಾಗೇ ಬಂದು, ಹಳೆಯ ನೂಲಿನ ಸೀರೆಯನ್ನು ಬಿಗಿಯಾಗಿ ಕಚ್ಚೆ ಹಾಕಿ ಉಡಿಸಿ, "ಈಗ ಓಡು ನೋಡಾನು" ಎಂದಳು. ಹುಡುಗಿ ಶಾಲೆಯ ಅಂಗಳವನ್ನು ಒಂದು ಸುತ್ತು ಓಡಿ ಬಂದಳು.