ಹಳೆ ವಹಿಗೆ ಗೆರೆ ಎಳೆಯದೆ ಹೊಸ ವಹಿ ಬೇಡ

ದೀಪಾವಳಿ ಬಂತೆಂದರೆ ಕಲಬುರಗಿ ಸೂಪರ್ ಮಾರ್ಕೆಟ್ಟಿನ ಅಂಗಡಿಕಾರ ಏನು ಮಾಡುತ್ತಾನೆ? ಹಳೆ ವಹಿಗೆ ಗೆರೆ ಎಳೆದು, ಉದ್ರಿ ಬಾಕಿಯನ್ನೆಲ್ಲ ಹೊಸದಕ್ಕೆ ಇಳಿಸುತ್ತಾನೆ. ಗೆರೆ ಎಳೆದ ಮೇಲೆ ಹಳೆಯದರಲ್ಲಿ ಒಂದಕ್ಷರ ಬರೆಯುವುದಿಲ್ಲ. ಬರೆದರೆ ಆ ಬಾಕಿ ಹೊಸದಕ್ಕೆ ಬಾರದು, ದುಡ್ಡು ಮುಳುಗಿದಂತೆಯೇ! ಹಾಗಂತ ಹಳೆ ವಹಿ ಸುಡುವುದೂ ಇಲ್ಲ. ತಕರಾರು ಬಂದರೆ ತೆಗೆದು ತೋರಿಸುತ್ತಾನೆ.

ಸರಕಾರಿ ಸರ್ವರ್ ಬದಲಿಸುವ ಲೆಕ್ಕವೂ ಇಷ್ಟೇ. ದಾಖಲೆ ಸಾಗಿಸುವ ಮುಂಚೆ ಹಳೆಯದನ್ನು 'ಓದಲು ಮಾತ್ರ' ಎಂದು ಕಟ್ಟಿಹಾಕಬೇಕು. ಯಾರೂ ನೋಡಬಹುದು, ಯಾರೂ ತಿದ್ದುವಂತಿಲ್ಲ. ಎರಡೂ ಕಡೆಯ ಲೆಕ್ಕ ತಾಳೆಯಾದ ಮೇಲೇ ಹೊಸದರಲ್ಲಿ ಬರವಣಿಗೆ.

ಇದು ಬರೀ ಕಂಪ್ಯೂಟರಿನವರ ತಲೆನೋವಲ್ಲ. ಕಮಲಾಪುರದ ಬಾಳೆ ಬೆಳೆಗಾರನೊಬ್ಬ ಹೊಲ ಒತ್ತೆ ಇಟ್ಟು ಸಾಲ ಎತ್ತಿದ ಎನ್ನಿ. ನಕಲು ಮುಗಿದ ಮೇಲೆ ಆ ಬೋಜಾ ಹಳೆ ಸರ್ವರಿಗೆ ಏರಿದರೆ, ಹೊಸದರಲ್ಲಿ ಹೊಲ ಚೊಕ್ಕ! ಅದನ್ನು ನಂಬಿ ಕೊಂಡವನಿಗೆ ಕೋರ್ಟಿನ ಅಲೆದಾಟ.

ಈ ಪಾಠ ರಾಜ್ಯಕ್ಕೆ ಹೊಸದಲ್ಲ. 2000ದ ಸುಮಾರಿಗೆ 'ಭೂಮಿ' ಯೋಜನೆಯಲ್ಲಿ 67 ಲಕ್ಷ ರೈತರ ಸುಮಾರು 2 ಕೋಟಿ ಪಹಣಿ ಕಂಪ್ಯೂಟರಿಗೆ ಏರಿದವು. ಕಂಪ್ಯೂಟರ್ ಚಾಲೂ ಆದ ತಾಲೂಕಿನಲ್ಲಿ ಕೈಬರಹದ ಪಹಣಿ ನಡೆಯದು ಎಂದು ಸರಕಾರ ಸಾರಿತು. ಎರಡು ವಹಿ ಒಟ್ಟಿಗೆ ನಡೆಯಲು ಬಿಡಲಿಲ್ಲ. 2023ರಲ್ಲಿ ನೋಂದಣಿ ಇಲಾಖೆಯ 'ಕಾವೇರಿ 2.0' ಮೊದಲು ಪ್ರಯೋಗಕ್ಕಿಳಿದ ಕಚೇರಿಗಳಲ್ಲಿ ಜಿಲ್ಲೆಯ ಚಿಂಚೋಳಿಯೂ ಒಂದು. ಒಮ್ಮೆಗೇ ಎಲ್ಲ ಕಡೆ ಕೈ ಹಾಕದೆ ಹಂತ ಹಂತವಾಗಿ ಹೋದದ್ದು ಜಾಣತನ.

ಆದರೆ ಬರವಣಿಗೆ ನಿಂತರೆ ಜನರ ಕೆಲಸವೂ ನಿಲ್ಲುತ್ತದೆ. 2024ರ ಅಕ್ಟೋಬರ್‌ನಲ್ಲಿ ಪಡಿತರದ ಸರ್ವರ್ ಬದಲಾದಾಗ ನ್ಯಾಯಬೆಲೆ ಅಂಗಡಿಗಳಲ್ಲಿ ಅಕ್ಕಿ ತಡವಾಯಿತು. ಕಮಲಾಪುರದಿಂದ ಬಸ್ ಹತ್ತಿ ಕಲಬುರಗಿಗೆ ಬಂದವನಿಗೆ "ಸರ್ವರ್ ಬಂದ್ ಅದ, ನಾಳಿ ಬರ್ರಿ" ಎಂದರೆ ಬಸ್ ಚಾರ್ಜು ಕೊಡುವವರು ಯಾರು? ಆ ದಿನದ ಕೂಲಿ ಕೊಡುವವರು ಯಾರು?

ಬರೆಯುವುದನ್ನು ನಿಲ್ಲಿಸುವುದು ತಪ್ಪಲ್ಲ. ಹೇಳದೆ ನಿಲ್ಲಿಸುವುದು ತಪ್ಪು. ಯಾವ ದಿನ, ಎಷ್ಟು ಹೊತ್ತು ಎಂದು ವಾರದ ಮೊದಲೇ ಬಸ್ ನಿಲ್ದಾಣದಲ್ಲಿ, ಕಚೇರಿ ಬಾಗಿಲಲ್ಲಿ ಬೋರ್ಡ್ ಹಾಕಲಿ. ರಜೆಯ ದಿನ ನೋಡಿ ಕೆಲಸ ಮುಗಿಸಲಿ. ಅಷ್ಟು ಹೊತ್ತೂ ಹಳೆ ದಾಖಲೆ ನೋಡಲು ಸಿಗಲಿ, ನಕಲು ಕೊಡಲಿ. ವಹಿಗೆ ಗೆರೆ ಎಳೆದ ಅಂಗಡಿಕಾರ ಗಿರಾಕಿಯ ಮುಖಕ್ಕೆ ಶಟರ್ ಎಳೆಯುವುದಿಲ್ಲ.