ಬಾವುಟದ ಹಿಂದೆ ಇಟಲಿ

ಕೋಚ್ ಟೂರ್ ಎಂದ ಕೂಡಲೇ ನಿಮ್ಮ ವಯಸ್ಸಿನವರ ಮುಖದಲ್ಲಿ ಒಂದು ನಗು ಮೂಡುತ್ತದೆ. ಬೆನ್ನಿಗೊಂದು ಚೀಲ ಏರಿಸಿ, ಟಿಕೆಟ್ಟು ರೂಮು ಎಲ್ಲವನ್ನೂ ಮೊಬೈಲಿನಲ್ಲೇ ಗೊತ್ತು ಮಾಡಿಕೊಂಡು, ಮನಸ್ಸು ಬಂದಲ್ಲಿ ಇಳಿದು ಮನಸ್ಸು ಬಂದಷ್ಟು ದಿನ ಇದ್ದು ಬರುವವರು ನೀವು. ಗೈಡಿನ ಬಾವುಟದ ಹಿಂದೆ ನಲವತ್ತು ಜನ ಸಾಲಾಗಿ ನಡೆಯುವುದು ನಿಮಗೆ ಕುರಿಮಂದೆಯ ಹಾಗೆ ಕಂಡರೆ ಆಶ್ಚರ್ಯವಿಲ್ಲ. 2024ರ ಸೆಪ್ಟೆಂಬರಿನಲ್ಲಿ ನಾನೂ ನಮ್ಮ ಯಜಮಾನರೂ ಮುನಿರ್ಕಾದ ಮನೆಗೆ ಬೀಗ ಹಾಕಿ ಎಂಟು ದಿನದ ಇಟಲಿ ಪ್ರವಾಸಕ್ಕೆ ಹೊರಟಾಗ ನಮ್ಮ ಮಗಳೂ ಕೇಳಿದಳು: "ಅಮ್ಮಾ, ಇಷ್ಟೊಂದು ದುಡ್ಡು ಕೊಟ್ಟು ಸ್ಕೂಲ್ ಪಿಕ್‌ನಿಕ್‌ಗೆ ಹೋಗ್ತಿದ್ದೀಯಾ?"

ಈ ನಗು ಹೊಸದಲ್ಲ. ಇಂಗ್ಲೆಂಡಿನ ಥಾಮಸ್ ಕುಕ್ 1864ರಲ್ಲಿ ಮೊದಲ ಬಾರಿಗೆ ಇಟಲಿಗೆ ತಂಡ ಕಟ್ಟಿಕೊಂಡು ಹೋದ. ಮರುವರ್ಷವೇ ಚಾರ್ಲ್ಸ್ ಲೀವರ್ ಎಂಬ ಐರಿಷ್ ಕಾದಂಬರಿಕಾರ ಆ ತಂಡಗಳನ್ನು ಪತ್ರಿಕೆಯಲ್ಲಿ ಹಿಗ್ಗಾಮುಗ್ಗಾ ಗೇಲಿ ಮಾಡಿದ. ಆತ ಇಟಲಿಯಲ್ಲೇ ಬ್ರಿಟಿಷ್ ಸರ್ಕಾರದ ಹುದ್ದೆಯಲ್ಲಿದ್ದವನು. ಅಲ್ಲಿಯವರೆಗೆ ಇಟಲಿ ನೋಡುವುದು ಶ್ರೀಮಂತರ ಮಕ್ಕಳ ಸೊತ್ತಾಗಿತ್ತು. ಮೇಷ್ಟ್ರು, ಅಂಗಡಿಯವರು, ಒಂಟಿ ಹೆಂಗಸರು ಅಲ್ಲಿಗೆ ಬರತೊಡಗಿದ್ದು ಅವರಿಗೆ ಸಹಿಸಲಿಲ್ಲ, ಅಷ್ಟೆ.

ನಮ್ಮ ತಲೆಮಾರಿನ ಕಥೆಯೂ ಇದಕ್ಕೆ ಹತ್ತಿರವೇ. ಇಪ್ಪತ್ತೈದು ವರ್ಷ ನಮಗೆ ರಜೆ ಎಂದರೆ ಕರ್ನಾಟಕ ಎಕ್ಸ್‌ಪ್ರೆಸ್. ಮದುವೆ, ಮುಂಜಿ, ಗೃಹಪ್ರವೇಶ ಮುಗಿಸಿ ಬರುವಾಗ ಚೀಲದ ತುಂಬ ಉಪ್ಪಿನಕಾಯಿ, ಹಪ್ಪಳ. ಐವತ್ತು ದಾಟಿದ ಮೇಲೆ ಮಂಡಿ ನೋವು, ಸಸ್ಯಾಹಾರ, ತಿಳಿಯದ ಭಾಷೆ ಇವೆಲ್ಲವನ್ನೂ ಕಟ್ಟಿಕೊಂಡು ಹೊರಡುವವರಿಗೆ ಕೋಚು ಒಂದು ಉಪಕಾರವೇ ಸರಿ. ದೆಹಲಿಯಿಂದ ಹೊರಟ ನಮ್ಮ ನಲವತ್ತೊಂದು ಜನರ ತಂಡದಲ್ಲಿ ಧಾರವಾಡ ಕಡೆಯ ಹಿರಿಯ ಹೆಣ್ಣುಮಗಳೊಬ್ಬರಿದ್ದರು. ಯಜಮಾನರು ತೀರಿಕೊಂಡು ಎರಡು ವರ್ಷವಾಗಿತ್ತಂತೆ. "ಒಬ್ಬಾಕಿನೇ ಬಂದೀನ್ರೀ. ಬಸ್ಸದ, ಮಂದಿ ಇದ್ದಾರ, ಇನ್ನೇನ್ ಬೇಕ್ರೀ?" ಎಂದರು. ಬಾವುಟ ಇಲ್ಲದಿದ್ದರೆ ಅವರು ಮನೆಯ ಹೊಸ್ತಿಲನ್ನೇ ದಾಟುತ್ತಿರಲಿಲ್ಲ.

ಕೋಚಿನ ಶಿಸ್ತಿಗೂ ಕಾರಣವಿದೆ. "ಎಂಟಕ್ಕೆ ಅಂದರೆ ಎಂಟಕ್ಕೆ" ಎಂದು ನಮ್ಮ ಟೂರ್ ಮ್ಯಾನೇಜರ್ ದಿನವೂ ಹೇಳುತ್ತಿದ್ದುದು ದರ್ಪದಿಂದಲ್ಲ. ಯುರೋಪಿನ ಕಾಯಿದೆಯಂತೆ ಡ್ರೈವರು ನಾಲ್ಕೂವರೆ ಗಂಟೆ ಓಡಿಸಿದ ಮೇಲೆ 45 ನಿಮಿಷ ಬಿಡುವು ಪಡೆಯಲೇಬೇಕು. ದಿನಕ್ಕೆ ಸಾಮಾನ್ಯವಾಗಿ 9 ಗಂಟೆಗಿಂತ ಹೆಚ್ಚು ಓಡಿಸುವಂತಿಲ್ಲ. ಗಾಡಿಯೊಳಗಿನ ಟ್ಯಾಕೋಗ್ರಾಫ್ ಎಂಬ ಯಂತ್ರ ಎಲ್ಲವನ್ನೂ ಬರೆದಿಡುತ್ತದೆ. ನಾವು ಅಂಗಡಿಯಲ್ಲಿ ಕಳೆದ ಇಪ್ಪತ್ತು ನಿಮಿಷ ಸಂಜೆ ಯಾವುದೋ ಒಂದು ಊರನ್ನು ನುಂಗುತ್ತದೆ. ನಮ್ಮ ಹೆದ್ದಾರಿಗಳಲ್ಲಿ ರಾತ್ರಿಯಿಡೀ ಕಣ್ಣುಜ್ಜಿಕೊಂಡು ಓಡಿಸುವ ಡ್ರೈವರುಗಳನ್ನು ನೆನೆದು, ಈ ಕಾಯಿದೆಗೆ ಮನಸ್ಸಿನಲ್ಲೇ ಕೈಮುಗಿದೆ.

ವೆನಿಸ್‌ನಲ್ಲಂತೂ ಕೋಚು ಊರಂಚಿನ ಟ್ರೊಂಕೆಟ್ಟೋ ದ್ವೀಪದಲ್ಲೇ ನಿಲ್ಲುತ್ತದೆ, ಮುಂದೆ ದೋಣಿ. 2024ರಿಂದ ಅಲ್ಲಿ ಗೈಡಿನ ಜೊತೆ 25ಕ್ಕಿಂತ ಹೆಚ್ಚು ಜನ ಒಟ್ಟಾಗಿ ಹೋಗುವಂತಿಲ್ಲ, ಧ್ವನಿವರ್ಧಕ ಬಳಸುವಂತಿಲ್ಲ. ನಮ್ಮ ತಂಡವನ್ನು ಎರಡು ಮಾಡಿ ಎಲ್ಲರ ಕಿವಿಗೂ ಇಯರ್‌ಫೋನ್ ಸಿಕ್ಕಿಸಿದರು. ಬೆಳಿಗ್ಗೆ ಕಾಫಿಯನ್ನು ಕೌಂಟರಿನ ಮುಂದೆ ನಿಂತು ಕುಡಿದರೆ ಒಂದು ಬೆಲೆ, ಕೂತರೆ ಅದಕ್ಕಿಂತ ಹೆಚ್ಚು. ಬೆಂಗಳೂರಿನ ದರ್ಶಿನಿಯಲ್ಲಿ ನಿಂತು ಕುಡಿದು ಗೊತ್ತಿದ್ದ ನಮಗೆ ಅದೇನೂ ಕಷ್ಟವಾಗಲಿಲ್ಲ.

ಇಷ್ಟು ಹೊಗಳಿದ ಮೇಲೆ ಕೊರತೆಯನ್ನೂ ಹೇಳಬೇಕು. ಗೈಡು ನಲವತ್ತೊಂದು ಜನಕ್ಕೂ ಒಂದೇ ಕಥೆ ಹೇಳುತ್ತಾರೆ. ನಿಮಗೆಂದೇ ಅಲ್ಲಿ ಏನಿದೆ ಎಂಬುದು ಅವರಿಗೆ ತಿಳಿಯುವುದು ಹೇಗೆ? ಪೀಸಾದಲ್ಲಿ ಎಲ್ಲರೂ ವಾಲಿದ ಗೋಪುರವನ್ನು ಅಂಗೈಯಲ್ಲಿ ತಳ್ಳುವಂತೆ ಫೋಟೋ ತೆಗೆಸಿಕೊಂಡರು, ನಾವೂ ತೆಗೆಸಿಕೊಂಡೆವು. ಆದರೆ ನನ್ನ ತಲೆಯಲ್ಲಿದ್ದದ್ದು ನಮ್ಮ ಮುನಿರ್ಕಾದ ನೆರೆಯ ಕುತುಬ್ ಮಿನಾರ್. ಪೀಸಾದ ಗೋಪುರ ಆರಂಭವಾದದ್ದು 1173ರಲ್ಲಿ, ಕುತುಬ್ ಅದೇ ಶತಮಾನದ ಕೊನೆಯ ಹೊತ್ತಿಗೆ. 1981ರ ಡಿಸೆಂಬರಿನಲ್ಲಿ ಕುತುಬ್ ಒಳಗಿನ ಕತ್ತಲೆ ಮೆಟ್ಟಿಲುಗಳಲ್ಲಿ ನೂಕುನುಗ್ಗಲಾಗಿ 45 ಜನ ಸತ್ತರು. ಅವರಲ್ಲಿ ಹೆಚ್ಚಿನವರು ಶಾಲೆಯ ಮಕ್ಕಳು. ಅಂದು ಮುಚ್ಚಿದ ಬಾಗಿಲು ಜನರಿಗೆ ಮತ್ತೆ ತೆರೆಯಲಿಲ್ಲ. ಪೀಸಾದವರು 1990ರಲ್ಲಿ ಗೋಪುರವನ್ನು ಮುಚ್ಚಿ, ಬುಡದ ಮಣ್ಣನ್ನು ಒಂದು ಬದಿಯಿಂದ ಸ್ವಲ್ಪಸ್ವಲ್ಪವೇ ತೆಗೆದು ವಾಲಿಕೆ ಕಡಿಮೆ ಮಾಡಿ, 2001ರಲ್ಲಿ ತೆರೆದರು. ಜನ ಹತ್ತುವುದನ್ನು ನೋಡುತ್ತ ನಿಂತೆ.

ರೋಮಿನ ಸ್ಪ್ಯಾನಿಷ್ ಮೆಟ್ಟಿಲುಗಳ ಬಳಿ ಮೂವತ್ತು ನಿಮಿಷ ಬಿಟ್ಟರು. ಗೈಡು ಹೆಸರಾಂತ ಅಂಗಡಿಗಳ ಬೀದಿಯನ್ನು ತೋರಿಸಿದರು. ನಾನು ತಿರುಗಿದ್ದು ಮೆಟ್ಟಿಲುಗಳ ಬಲಗಡೆಯ ಮನೆಯ ಕಡೆಗೆ. 1821ರ ಫೆಬ್ರುವರಿಯಲ್ಲಿ ಕವಿ ಕೀಟ್ಸ್ ಕ್ಷಯರೋಗದಿಂದ ತೀರಿಕೊಂಡದ್ದು ಆ ಮನೆಯಲ್ಲಿ, ಇಪ್ಪತ್ತೈದರ ವಯಸ್ಸಿಗೆ. ಬಿ.ಎ.ಯಲ್ಲಿ ಪರೀಕ್ಷೆಗಾಗಿ ಬಾಯಿಪಾಠ ಮಾಡಿದ ಕವಿ, ಮದುವೆಯಾಗಿ ಮಕ್ಕಳು ಮರಿ ಎಂದು ಮೂವತ್ತು ವರ್ಷ ಮುಟ್ಟದೆ ಇದ್ದ ಕವಿ, ಅಲ್ಲಿ ನನ್ನ ಕಣ್ಣು ತುಂಬಿಸಿದ. ನಮ್ಮ ಯಜಮಾನರು ಮಾತಾಡದೆ ಪಕ್ಕದಲ್ಲಿ ನಿಂತರು. ಆ ಮೂವತ್ತು ನಿಮಿಷ ಸ್ಕೂಲ್ ಪಿಕ್‌ನಿಕ್ ಆಗಿರಲಿಲ್ಲ.

ಇನ್ನೊಬ್ಬನ ವಿಷಯ ಹೇಳುತ್ತೇನೆ, ಇದು ನಿಮಗಾಗಿ. ರೋಮಿನ ನಡುಮಧ್ಯೆ, ಕೋಚುಗಳು ಹಾದುಹೋಗುವ ದಾರಿಗೆ ಹತ್ತಿರದಲ್ಲೇ, ಎತ್ತರದ ಮೆಟ್ಟಿಲುಗಳ ಮೇಲೆ ಅರಾಕೇಲಿ ಎಂಬ ಹಳೆಯ ಚರ್ಚಿದೆ. ಪಿಯೆತ್ರೊ ದೆಲ್ಲಾ ವಾಲೆ ಎಂಬ ರೋಮಿನವನ ಸಮಾಧಿ ಇರುವುದು ಅಲ್ಲಿ. 1623ರಲ್ಲಿ ಈತ ಗೋವೆಯ ಪೋರ್ಚುಗೀಸರ ರಾಯಭಾರಿಯ ತಂಡ ಸೇರಿಕೊಂಡು, ಹೊನ್ನಾವರ ಗೇರುಸೊಪ್ಪೆಯ ಮೇಲೆ ಘಟ್ಟ ಹತ್ತಿ, ವೆಂಕಟಪ್ಪ ನಾಯಕನ ಇಕ್ಕೇರಿಗೆ ಬಂದ. ಎಂದರೆ ಅವನೂ ತಂಡದಲ್ಲಿ ಬಂದವನೇ! ದಾರಿಯಲ್ಲಿ ಒಂದೆಡೆ ಸಾಮಾನು ಸರಂಜಾಮು ಸಿದ್ಧವಾಗುವವರೆಗೆ ಕಾಯಬೇಕಾಯಿತು. ಆತ ಗುಡಿಯೊಂದರ ಜಗಲಿಯಲ್ಲಿ ಕೂತು ಸುತ್ತ ನೋಡಿದ. ನಾಲ್ವರು ಹುಡುಗರು ನೆಲದ ಮೇಲೆ ನುಣ್ಣನೆ ಮರಳು ಹರಡಿ, ಬೆರಳಿನಿಂದ ಅಂಕಿ ಬರೆಯುತ್ತ, ರಾಗವಾಗಿ ಹೇಳುತ್ತ ಲೆಕ್ಕ ಕಲಿಯುತ್ತಿದ್ದರು. ಮೇಷ್ಟ್ರಿಲ್ಲವಲ್ಲ, ಮರೆತರೆ ತಿದ್ದುವವರು ಯಾರು ಎಂದು ಕೇಳಿದ. ನಾಲ್ವರೂ ಒಟ್ಟಿಗೇ ಮರೆಯಲು ಸಾಧ್ಯವಿಲ್ಲ ಎಂದು ಹುಡುಗರು ಉತ್ತರ ಕೊಟ್ಟರಂತೆ. ನಾನೂರು ವರ್ಷದ ಹಿಂದಿನ ನಮ್ಮ ಶಾಲೆಯ ಈ ಚಿತ್ರ ಉಳಿದದ್ದು, ಕಾಯುವ ಹೊತ್ತನ್ನು ಆತ ಸುಮ್ಮನೆ ಕಳೆಯದೆ ಇದ್ದುದರಿಂದ. ನಮ್ಮ ಗೈಡು ಅರಾಕೇಲಿಯ ಹೆಸರು ಹೇಳಿ ಮುಂದೆ ಹೋದರು. ಇಕ್ಕೇರಿಯ ನೆನಪು ಅವರಿಗೆ ಯಾಕೆ ಬರಬೇಕು? ಬರಬೇಕಾದದ್ದು ನಮಗೆ.

ಈಗ ನಿಮ್ಮ ಕೋಚಿನ ವಿಷಯಕ್ಕೆ ಬರುತ್ತೇನೆ. ಕೋಪಿಸಿಕೊಳ್ಳಬೇಡಿ. ನೀವು ಊರಿಗೆ ಹೋಗುವುದು ಹೇಗೆ? ಸ್ಟೇಷನ್ನಿಗೆ ಮಾವ ಬರುತ್ತಾರೆ. ಅಲ್ಲಿಂದ ಅಜ್ಜಿಯ ಮನೆ, ಮರುದಿನ ದೇವಸ್ಥಾನ, ಅದರ ಮರುದಿನ ದೊಡ್ಡಮ್ಮನ ಮನೆಯ ಊಟ. ಯಾವ ಬಸ್ಸು, ಯಾವ ದಾರಿ, ಯಾರು ಏನಾಗಬೇಕು, ಎಲ್ಲವೂ ಇನ್ನೊಬ್ಬರ ಕೈಯಲ್ಲಿ. ಪ್ಯಾರಿಸ್ಸಿನ ಮೆಟ್ರೋದಲ್ಲಿ ಒಬ್ಬರೇ ಓಡಾಡುವ ನೀವು ಕರ್ನಾಟಕದಲ್ಲಿ ಬಾವುಟದ ಹಿಂದೆಯೇ ನಡೆಯುತ್ತೀರಿ. ಅಜ್ಜ ಅಜ್ಜಿ ಇರುವ ತನಕ ಈ ಕೋಚು ಓಡುತ್ತದೆ. ಆಮೇಲೆ? ನಮ್ಮ ಯಜಮಾನರ ಊರು ಸಾಗರದ ಹತ್ತಿರ. ಅತ್ತೆಯವರು ತೀರಿಕೊಂಡು ಆರು ವರ್ಷವಾಯಿತು, ಅಲ್ಲಿಂದ ಈಚೆಗೆ ನಮ್ಮ ಮಕ್ಕಳು ಊರಿಗೆ ಹೋದದ್ದು ಒಂದೇ ಸಲ. ಅವರಿಗೆ ಪ್ರೀತಿ ಇಲ್ಲವೆಂದಲ್ಲ. ಕರೆದುಕೊಂಡು ಹೋಗುವವರಿಲ್ಲ, ಅಷ್ಟೆ.

ಆದ್ದರಿಂದ ಮುಂದಿನ ರಜೆಗೆ ಒಂದು ಸಣ್ಣ ಕೆಲಸ ಹೇಳುತ್ತೇನೆ. ಎಲ್ಲರ ಜೊತೆಗೇ ಹೋಗಿ. ಆದರೆ ಅರ್ಧ ದಿನವನ್ನು ನಿಮಗೆಂದು ಕೇಳಿ ತೆಗೆದುಕೊಳ್ಳಿ. ಸಾಗರದಿಂದ ಇಕ್ಕೇರಿ ಆರು ಕಿಲೋಮೀಟರ್ ಆಸುಪಾಸು. ಬಸ್ಸಿನ ಬೋರ್ಡನ್ನು ನೀವೇ ಓದಿ. ಓದಲು ಬಾರದಿದ್ದರೆ ಪಕ್ಕದವರನ್ನು ಕನ್ನಡದಲ್ಲಿ ಕೇಳಿ. ನಿಮ್ಮ ದೆಹಲಿ ಕನ್ನಡಕ್ಕೆ ಅವರು ನಕ್ಕರೆ ನೀವೂ ನಗಿ. ಅಘೋರೇಶ್ವರನ ಗುಡಿಯ ಮುಂದೆ ಸ್ವಲ್ಪ ಹೊತ್ತು ಸುಮ್ಮನೆ ಕುಳಿತುಕೊಳ್ಳಿ. ರೋಮಿನಿಂದ ಬಂದವನು ನೋಡಿದ್ದನ್ನು ಆಯಿತು. ನೀವು ಅಲ್ಲಿ ಕಂಡದ್ದನ್ನು ಒಂದು ಪುಟ ಬರೆದು ಈ ಪತ್ರಿಕೆಗೆ ಕಳಿಸಿ. ಕನ್ನಡದಲ್ಲಿ ಬರೆದರೆ ಕಾಗುಣಿತ ತಿದ್ದಿಕೊಡುವ ಜವಾಬ್ದಾರಿ ನನ್ನದು.