ಕಣ್ಣಿಗೆ ಕಟ್ಟಿದ ಪ್ರವಾಸ

ಈ ಮುಂಬಯಿಯ ಕೆಲವು ಶಾಲೆಗಳಲ್ಲಿ ಹೊಸ ಮಾತೊಂದು ಹೊರಟಿದೆ. ವರ್ಷಕ್ಕೊಮ್ಮೆ ಮಕ್ಕಳನ್ನು ಬಸ್ಸಿನಲ್ಲಿ ಕೂಡಿಸಿ ಪ್ರವಾಸ ಒಯ್ಯುವ ತಾಪತ್ರಯ ಏಕೆ, ಕಣ್ಣಿಗೊಂದು ಪೆಟ್ಟಿಗೆ ಕಟ್ಟಿದರೆ ಕ್ಲಾಸಿನಲ್ಲಿಯೇ ಲೋಕವೆಲ್ಲ ಕಾಣುವುದಲ್ಲ ಎಂಬುದು ಆ ಮಾತು. ವರ್ಚುವಲ್ ರಿಯಾಲಿಟಿ ಎಂದು ಇದಕ್ಕೆ ಹೆಸರು. ಸಂಘದ ಸದಸ್ಯರು ಇದರ ವಿಷಯವಾಗಿ ಕೇಳುತ್ತಿರುವುದರಿಂದ ನಾಲ್ಕು ಮಾತು ಬರೆಯುವುದು ಅಗತ್ಯವೆಂದು ತೋರಿದೆ.

ಪೆಟ್ಟಿಗೆಯಲ್ಲಿ ಮಾಟವೇನೂ ಇಲ್ಲ. ಒಳಗೆ ಎರಡು ಭೂತಗನ್ನಡಿ; ಎಡಗಣ್ಣಿಗೊಂದು, ಬಲಗಣ್ಣಿಗೊಂದು ತುಸುವೇ ಬೇರೆಯಾದ ಚಿತ್ರ. ಎರಡನ್ನೂ ಮಿದುಳು ಕೂಡಿಸಿಕೊಂಡಾಗ ಆಳ ಕಾಣುತ್ತದೆ. ತಲೆ ತಿರುಗಿಸಿದರೆ ಉಪಕರಣ ಅದನ್ನರಿತು ಚಿತ್ರವನ್ನೂ ತಿರುಗಿಸುತ್ತದೆ. ಸಮುದ್ರದ ತಳ, ಮಂಗಳ ಗ್ರಹದ ನೆಲ, ಮನುಷ್ಯನ ಹೃದಯದ ಒಳಭಾಗ, ಇವನ್ನು ಯಾವ ಬಸ್ಸೂ ತೋರಿಸಲಾರದು. ಹಂಪಿಯ ಕಲ್ಲಿನ ರಥವನ್ನು ಗಲ್ಲಾದಲ್ಲಿ 50 ರೂಪಾಯಿ ನೋಟಿನ ಮೇಲೆ ದಿನವೂ ಎಣಿಸಿ, ಒಮ್ಮೆಯೂ ಕಣ್ಣಾರೆ ಕಾಣದವರು ನಮ್ಮಲ್ಲಿ ಎಷ್ಟು ಮಂದಿ! ಆದ್ದರಿಂದ ನಾವು ಈ ಉಪಕರಣದ ವೈರಿಗಳಲ್ಲ. ಬರಲಿ, ದುಡ್ಡಿದ್ದವರ ಶಾಲೆಗೆ ಮಾತ್ರವಲ್ಲ, ಮಹಾನಗರಪಾಲಿಕೆಯ ಕನ್ನಡ ಶಾಲೆಗೂ ಬರಲಿ.

ಆದರೆ ಅದು ಬಂತೆಂದು ಪ್ರವಾಸವನ್ನು ಕಿತ್ತುಹಾಕುವುದು ಯಾವ ನ್ಯಾಯ? ಗೇಟ್‌ವೇಯಿಂದ ಲಾಂಚಿನಲ್ಲಿ ಸುಮಾರು ಒಂದು ತಾಸಿನ ದಾರಿ ಘಾರಾಪುರಿ. ಬೋರಿವಲಿಯ ಕಾಡಿನಲ್ಲಿ ಕಾನ್ಹೇರಿ ಗುಹೆಗಳಿವೆ. ಅಲ್ಲಿ ರಾಷ್ಟ್ರಕೂಟ ಅಮೋಘವರ್ಷ ನೃಪತುಂಗನ ಕಾಲದ ಶಾಸನಗಳಿವೆ. ಕವಿರಾಜಮಾರ್ಗ ಹುಟ್ಟಿದ ಆಸ್ಥಾನದ ದೊರೆಯ ಹೆಸರು, ನಮ್ಮ ಲೋಕಲ್ ಗಾಡಿ ನಿಲ್ಲುವ ಊರಿನ ಬಂಡೆಯ ಮೇಲೆ! ಆ ಬಂಡೆಯನ್ನು ಮುಟ್ಟಿ ನೋಡುವ ಮಗುವಿಗೂ ಪೆಟ್ಟಿಗೆಯಲ್ಲಿ ನೋಡುವ ಮಗುವಿಗೂ ಅಂತರವಿದೆ. ಚಾಳಿನ ಒಂದು ಖೋಲಿಯಲ್ಲಿ ಐದಾರು ಮಂದಿಯ ನಡುವೆ ಬೆಳೆಯುವ ಹುಡುಗಿಗೆ ವರ್ಷಕ್ಕೆ ಸಿಗುವ ಬಯಲು ಅದೊಂದೇ ದಿನ. ಲಾಂಚಿನಲ್ಲಿ ಒಬ್ಬ ವಾಂತಿ ಮಾಡುವುದು, ಇನ್ನೊಬ್ಬಳ ಬುತ್ತಿಯ ಅವಲಕ್ಕಿಗೆ ಎಲ್ಲರೂ ಕೈ ಹಾಕುವುದು, ಇದೂ ಪಾಠವೇ. ತಂದೆಯಾದವನಿಗೆ ವಾರದ ರಜೆಯೇ ನೆಟ್ಟಗೆ ಸಿಗದಿರುವಾಗ ಅವಳನ್ನು ಅಲ್ಲಿಗೆ ಒಯ್ಯುವವರು ಶಾಲೆಯವರಲ್ಲದೆ ಮತ್ತಾರು?

ಇನ್ನೊಂದು ಸಂಗತಿ. ಗೂಗಲ್ ಕಂಪೆನಿ 2014ರಲ್ಲಿ ರಟ್ಟಿನ ಕನ್ನಡಕ ಹೊರತಂದಿತು. 2015ರಲ್ಲಿ ಶಾಲೆಗಳಿಗಾಗಿ ಎಕ್ಸ್‌ಪೆಡಿಷನ್ಸ್ ಎಂಬ ಪ್ರವಾಸದ ಯೋಜನೆ ಹೂಡಿತು. ಅನೇಕ ದೇಶಗಳ ಮಕ್ಕಳು ನೋಡಿ ಹಿಗ್ಗಿದರು. 2021ರಲ್ಲಿ ಕನ್ನಡಕದ ಮಾರಾಟ ನಿಂತಿತು, ಅದೇ ವರ್ಷ ಜೂನ್ 30ಕ್ಕೆ ಎಕ್ಸ್‌ಪೆಡಿಷನ್ಸ್ ಕೂಡ ಮುಚ್ಚಿತು. ಚಿತ್ರಗಳಲ್ಲಿ ಹೆಚ್ಚಿನವು ಕಂಪೆನಿಯ ಬೇರೊಂದು ತಾಣಕ್ಕೆ ಹೋದವು, ನಿಜ. ಆದರೆ ಮಾಲೀಕನು ಬಾಗಿಲೆಳೆದರೆ ಏನಾಗುವುದೆಂಬುದನ್ನು ಗಿರಣಿಯ ಬಂಧುಗಳಿಗೆ ನಾವು ಹೇಳಿಕೊಡಬೇಕಾಗಿಲ್ಲ. ಘಾರಾಪುರಿಯ ತ್ರಿಮೂರ್ತಿಯನ್ನು ಯಾವ ಕಂಪೆನಿಯೂ ಹಾಗೆ ಹಿಂತೆಗೆದುಕೊಳ್ಳಲಾರದು.

ಆದುದರಿಂದ ಪಾಲಕರ ಸಭೆಯಲ್ಲಿ ನೇರವಾಗಿ ಕೇಳಿರಿ. ಪೆಟ್ಟಿಗೆಯ ಹೆಸರಿನಲ್ಲಿ ಬೇರೆ ಫೀ ಉಂಟೇ? ವರ್ಷದ ಪ್ರವಾಸ ಉಳಿಯುವುದೇ? ವಿವರಣೆ ಇಂಗ್ಲಿಷಿನಲ್ಲಿದ್ದರೆ ಮಾಸ್ತರರು ಕನ್ನಡದಲ್ಲಿ ತಿಳಿಸಿ ಹೇಳುವರೇ? ಒಂದು ಸಲಕ್ಕೆ ಎಷ್ಟು ನಿಮಿಷ? ತಲೆ ಸುತ್ತುವ ಮಕ್ಕಳಿಗೆ ಬಲವಂತ ಬೇಡ. ಚಿಕ್ಕ ಮಕ್ಕಳಿಗಂತೂ ಕಟ್ಟಲೇಬಾರದು. ಮೆಟಾ ಕಂಪೆನಿ 2023ರಲ್ಲಿ ತನ್ನ ಕ್ವೆಸ್ಟ್ ಕನ್ನಡಕದ ವಯೋಮಿತಿಯನ್ನು 13ರಿಂದ ಇಳಿಸಿದಾಗಲೂ 10ರ ಕೆಳಗೆ ಹೋಗಲಿಲ್ಲ.

ಸಭೆಯನ್ನು ಬಹುಶಃ ಶನಿವಾರ ಬೆಳಗಿನ ತಿಂಡಿಯ ಗದ್ದಲದ ಹೊತ್ತಿಗೇ ಇಡುತ್ತಾರೆ. ಅಂದು ಪಾಳಿ ಬದಲಿಸಿಕೊಡಲು ಜೊತೆಗಾರರಿಗೆ ಮೊದಲೇ ಹೇಳಿಡಿರಿ. ಮನೆಯವರು ಹೋಗುವುದಾದರೆ ಈ ಪ್ರಶ್ನೆಗಳನ್ನು ಚೀಟಿಯಲ್ಲಿ ಬರೆದುಕೊಡಿರಿ.